ಠಾಣೆಯಲ್ಲಿ ಬರೆಯುವುದು ಯಾರ ಮಾತು?

ಕಾರ್ಕಳದ ಗೇರುಬೀಜ ಕಾರ್ಖಾನೆಯ ಹೆಂಗಸೊಬ್ಬಳು ಠಾಣೆಗೆ ಹೋದರೆ ತನ್ನ ಸಂಕಟವನ್ನು ಹೇಳುವುದು ತುಳುವಿನಲ್ಲಿ. ರೈಟರ್ ಬರೆಯುವುದು ಕನ್ನಡದಲ್ಲಿ. ಅವಳು ಹೇಳಿದ 'ಕೈ ಹಿಡಿದು ಎಳೆದ' ಎಂಬುದು ಕಾಗದದಲ್ಲಿ 'ಮಾತಿನ ಜಗಳವಾಯಿತು' ಎಂದಾದರೆ ಕೇಸಿನ ಜಾತಿಯೇ ಬದಲಾಗುತ್ತದೆ. ಮೊದಲನೆಯದನ್ನು ಪೊಲೀಸರು ತಾವಾಗಿ ತನಿಖೆ ಮಾಡಬೇಕು. ಬರಿಯ ಮಾತಿನ ಜಗಳವೆಂದರೆ ಒಂದು ಹಿಂಬರಹ ಕೊಟ್ಟು ಕೋರ್ಟಿಗೆ ಹೋಗೆಂದು ಕಳುಹಿಸಬಹುದು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನ ಪ್ರಕಾರ, ಬಾಯಲ್ಲಿ ಹೇಳಿದ ದೂರನ್ನು ಬರೆದುಕೊಂಡು, ಓದಿ ಹೇಳಿ, ಸಹಿ ಪಡೆದು, ನಕಲನ್ನು ಪುಕ್ಕಟೆಯಾಗಿ ಕೊಡಬೇಕು. 1973ರ ಹಳೆಯ ಸಂಹಿತೆಯಲ್ಲೂ ಇದು ಇತ್ತು. ಆದರೆ ಯಾವ ಭಾಷೆಯಲ್ಲಿ ಓದಿ ಹೇಳಬೇಕೆಂದು ಕಲಮು ಹೇಳುವುದಿಲ್ಲ. ಉಡುಪಿ ಜಿಲ್ಲೆಯ ಪ್ರತಿ ಠಾಣೆಯಲ್ಲೂ ತುಳು, ಕೊಂಕಣಿ, ಬ್ಯಾರಿ ಮಾತಿನಲ್ಲಿ ಅರ್ಥ ಹೇಳಿದ ಮೇಲೆಯೇ ಸಹಿ ಎಂಬ ನಿಯಮ ಬರಬೇಕೆಂಬುದು ನಮ್ಮ ಒತ್ತಾಯ.

ಅದು ಬರುವ ತನಕ ಕಾಯಬೇಕಾಗಿಲ್ಲ. ದೂರನ್ನು ಮನೆಯಲ್ಲೇ ಬರೆದುಕೊಂಡು ಹೋಗಿ. ಉಡುಪಿಯ ಅಂಗಡಿಕಾರ 'ಕಳವಾಯಿತು, ನ್ಯಾಯ ಕೊಡಿಸಿ' ಎಂದು ಬರೆದರೆ ಯಾರಿಗೂ ಏನೂ ತಿಳಿಯದು. ರಾತ್ರಿ ಎಷ್ಟು ಗಂಟೆಗೆ ಬೀಗ ಹಾಕಿದಿರಿ, ಬೆಳಿಗ್ಗೆ ಯಾವ ಬಾಗಿಲ ಚಿಲಕ ಮುರಿದಿತ್ತು, ಗಲ್ಲಾಪೆಟ್ಟಿಗೆಯಲ್ಲಿ ಎಷ್ಟು ಹಣವಿತ್ತು, ಮೊದಲು ಕಂಡವರು ಯಾರು — ಇಷ್ಟನ್ನು ನಡೆದ ಕ್ರಮದಲ್ಲಿ ಬರೆಯಿರಿ. ಬೈದಿದ್ದರೆ ಬೈದ ಮಾತನ್ನೇ ಬರೆಯಿರಿ, ನಾಚಿಕೆ ಬೇಡ. ದೂರು ತಡವಾಗಿದ್ದರೆ ಕಾರಣ ಹೇಳಿ. ಕಾಣದ್ದನ್ನು ಕಂಡೆನೆನ್ನಬೇಡಿ, ಹಳೆಯ ದ್ವೇಷಕ್ಕೆ ನೆರೆಯವನ ಹೆಸರು ಸೇರಿಸುವ ಚಾಳಿ ನಮ್ಮಲ್ಲೂ ಇದೆ, ಎದುರು ಪಕ್ಷದ ವಕೀಲನಿಗೆ ಅದೇ ಹಬ್ಬ.

ಕಾಪುವಿನಲ್ಲಿ ನಡೆದದ್ದಕ್ಕೆ ಮಣಿಪಾಲದವರು 'ನಮ್ಮ ಸರಹದ್ದಲ್ಲ' ಎಂದು ಹಿಂದೆ ಕಳುಹಿಸುವಂತಿಲ್ಲ. ಬರೆದುಕೊಂಡು ಸಂಬಂಧಪಟ್ಟ ಠಾಣೆಗೆ ಅವರೇ ದಾಟಿಸಬೇಕು.

ತಾವಾಗಿ ತನಿಖೆ ಮಾಡಬೇಕಾದ ಅಪರಾಧವೆಂದು ದೂರಿನಲ್ಲೇ ಕಂಡರೆ ಪ್ರಥಮ ವರ್ತಮಾನ ವರದಿ ದಾಖಲಿಸಲೇಬೇಕೆಂದು 2013ರಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಹೊಸ ಸಂಹಿತೆ ಅದನ್ನು ಸಡಿಲಿಸಿದೆ: ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಡಿವೈಎಸ್ಪಿಯ ಅನುಮತಿಯೊಂದಿಗೆ 14 ದಿನ ಮೊದಲೇ ವಿಚಾರಣೆ ನಡೆಸಬಹುದು. ಹೆಂಗಸಿನ ಮಾನಭಂಗಕ್ಕಾಗಿ ಕೈ ಹಿಡಿದು ಎಳೆಯುವುದೂ ಈ ಗುಂಪಿಗೇ ಸೇರುತ್ತದೆ. ಕೂಲಿಯವಳನ್ನು ರಾಜಿಗೆ ಒಪ್ಪಿಸಲು ಧಣಿಗೆ 14 ದಿನ ಧಾರಾಳವಾಯಿತು. ಈ ಸಡಿಲಿಕೆಯನ್ನು ತೆಗೆಯಬೇಕು.

ದೂರು ತೆಗೆದುಕೊಳ್ಳದೆ ಹೋದರೆ ಅದನ್ನೇ ಜಿಲ್ಲಾ ಪೊಲೀಸ್ ಅಧೀಕ್ಷಕರಿಗೆ ಅಂಚೆಯಲ್ಲಿ ಕಳುಹಿಸಿ, ರಸೀದಿ ಇಟ್ಟುಕೊಳ್ಳಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಆ ರಸೀದಿ ಬೇಕಾಗುತ್ತದೆ.