ಕಪ್ಪು ಪರದೆಯ ಬಿಲ್ಲಿಂಗ್ ಬದಲಿಸುವ ಹೊತ್ತು: ಅಂಗಡಿ, ಮಂಡಿಯವರು ಯಾವ ದಾರಿ ಹಿಡಿಯಬೇಕು?

2025ರ ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ದರ ಬದಲಾಯಿತು. ಸಿಮೆಂಟ್ ಶೇ 28ರಿಂದ 18ಕ್ಕೆ ಇಳಿಯಿತು. ಸೋಪು, ಟೂತ್‌ಪೇಸ್ಟು, ತಲೆಗೆ ಹಚ್ಚುವ ಎಣ್ಣೆ ಶೇ 18ರಿಂದ 5ಕ್ಕೆ ಬಂದವು. ಮೂರು ವಾರ ಕಳೆದು ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ ಮುಗಿಯಿತು. ಈ ಎರಡೂ ತಾರೀಕು ಒಟ್ಟಿಗೆ ಬಿಸಿ ಮುಟ್ಟಿಸುವುದು ಒಂದು ವರ್ಗದ ಅಂಗಡಿಗಳಿಗೆ: ತೊಂಬತ್ತರ ದಶಕದಲ್ಲಿ ಊರಿನ ಯಾರದೋ ಕೈಲಿ ಫಾಕ್ಸ್‌ಪ್ರೋದಲ್ಲೋ ಕ್ಲಿಪ್ಪರ್‌ನಲ್ಲೋ ಬರೆಸಿಕೊಂಡ ಪ್ರೋಗ್ರಾಂ ಅನ್ನು ಇವತ್ತಿಗೂ ಓಡಿಸುತ್ತಿರುವವರಿಗೆ.

ಕಪ್ಪು ಪರದೆ, ಬಿಳಿ ಅಕ್ಷರ, ಪಕ್ಕದಲ್ಲಿ ಕಿರ್ರೆನ್ನುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ನೋಡುವವರಿಗೆ ಹಳೇ ಕಾಲದ್ದು ಅನ್ನಿಸಬಹುದು. ಆದರೆ ಗಲ್ಲಾಪೆಟ್ಟಿಗೆ ಹತ್ತಿರ ಕೂತ ಗುಮಾಸ್ತ ಮೌಸ್ ಮುಟ್ಟದೆ ಅರ್ಧ ನಿಮಿಷದಲ್ಲಿ ಬಿಲ್ ಹರಿದು ಕೊಡುತ್ತಾನೆ. ಕೆಲಸ ಕೆಟ್ಟಿಲ್ಲ, ಕೆಟ್ಟಿರುವುದು ಅದರ ಕೆಳಗಿನ ನೆಲ. ಡಾಸ್ ಕಾಲದ 16 ಬಿಟ್ ಪ್ರೋಗ್ರಾಂಗಳು 64 ಬಿಟ್ ವಿಂಡೋಸ್ ಮೇಲೆ ನೇರವಾಗಿ ಓಡುವುದಿಲ್ಲ. ವಿಂಡೋಸ್ 11 ಬರುವುದೇ 64 ಬಿಟ್‌ನಲ್ಲಿ ಮಾತ್ರ. ಹೊಸ ಕಂಪ್ಯೂಟರ್ ತಂದರೆ ಹಳೇ ಪ್ರಿಂಟರಿನ ದಪ್ಪ ಕೇಬಲ್ ಸಿಕ್ಕಿಸುವ ಜಾಗವೂ ಸಾಮಾನ್ಯವಾಗಿ ಇರುವುದಿಲ್ಲ.

ಹಾಗಾಗಿ ಹಳೇ ಪ್ರೋಗ್ರಾಂಗೆ ಬಟನ್, ಕಿಟಕಿ ಇರುವ ಹೊಸ ಮುಖ ಕೊಡಿಸೋಣ ಎಂಬ ಮಾತು ಬಂದೇ ಬರುತ್ತದೆ. ಇಲ್ಲೇ ಹಣ ಪೋಲಾಗುವುದು. ಯಾಕೆಂದರೆ ವ್ಯಾಪಾರಿ ನೋಡುವುದು ಪರದೆಯ ಬಣ್ಣವನ್ನು. ನೋಡಬೇಕಾದದ್ದು ಲೆಕ್ಕ ಕೂತಿರುವ ಡಿಬಿಎಫ್ ಫೈಲುಗಳನ್ನು.

ಅಡಿಕೆ ಮಂಡಿಯನ್ನೇ ತೆಗೆದುಕೊಳ್ಳಿ. ಅದರ ಡಿಬಿಎಫ್‌ನಲ್ಲಿ ರೈತರ ಮುಂಗಡ, ಅದರ ಮೇಲಿನ ಬಡ್ಡಿ, ದಲಾಲಿ, ಹಮಾಲಿ, ಹಳೇ ಬಾಕಿ ಎಲ್ಲ ಇದೆ. ಯಾರಿಗೆ ಎಷ್ಟು ಬಡ್ಡಿ, ಯಾವ ಹಬ್ಬದವರೆಗೆ ಮಾಫಿ ಅನ್ನುವಂಥ ಆ ಮಂಡಿಯದ್ದೇ ಆದ ಪದ್ಧತಿಗಳು ಪ್ರೋಗ್ರಾಂನ ಸಾಲುಗಳೊಳಗೆ ಸೇರಿಹೋಗಿರುತ್ತವೆ. ಅದನ್ನು ತಪ್ಪಾಗಿ ಹೊಸದಕ್ಕೆ ಸಾಗಿಸಿದರೆ ಮೂರು ತಲೆಮಾರಿನಿಂದ ಬರುತ್ತಿದ್ದ ರೈತ ಪಟ್ಟಿ ಹಿಡಿದುಕೊಂಡು ಎದುರು ನಿಲ್ಲುತ್ತಾನೆ. ಮೇಲಿಂದ ಜಿಎಸ್‌ಟಿ ಕಾನೂನು. ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್‌ನ ಕೊನೇ ದಿನದಿಂದ 72 ತಿಂಗಳು ಇಟ್ಟುಕೊಳ್ಳಲೇಬೇಕು. ಹಳೇ ಕಂಪ್ಯೂಟರ್ ಸತ್ತಿತು ಅನ್ನುವುದು ಉತ್ತರವಲ್ಲ.

ಕಿರಾಣಿ, ಹಾರ್ಡ್‌ವೇರ್ ಅಂಗಡಿಯವರ ಪ್ರಶ್ನೆ ಸುಲಭ. ಮಾಲು ಬಂತು, ಮಾಲು ಹೋಯಿತು, ತೆರಿಗೆ ಕಟ್ಟಿತು ಅಷ್ಟೇ ಆದರೆ ಹಳೇದಕ್ಕೆ ಹೊಸ ಮುಖ ಕೊಡಿಸುವ ಗೋಜೇ ಬೇಡ. ಟ್ಯಾಲಿಯಂಥ ಸಿದ್ಧ ಸಾಫ್ಟ್‌ವೇರ್ ಹಾಕಿಸಿ, ಏಪ್ರಿಲ್ 1ರಿಂದ ಹೊಸ ಪುಸ್ತಕ ಶುರು ಮಾಡಿ, ಹಳೇದನ್ನು ನೋಡುವುದಕ್ಕೆ ಮಾತ್ರ ಇಟ್ಟುಕೊಂಡರೆ ಸಾಕು. ಕಷ್ಟ ಇರುವುದು ಮಂಡಿ, ಚೀಟಿ ವ್ಯವಹಾರ, ಸೌಹಾರ್ದ ಸಂಘಗಳಂಥ ತಮ್ಮದೇ ಲೆಕ್ಕದ ಪದ್ಧತಿ ಇರುವ ಕಡೆ. ಕೃಷಿ ಪತ್ತಿನ ಸಹಕಾರ ಸಂಘಗಳಿಗಾದರೆ 2022ರಲ್ಲಿ ಕೇಂದ್ರ ಸರ್ಕಾರ 2,516 ಕೋಟಿ ರೂಪಾಯಿಯ ಗಣಕೀಕರಣ ಯೋಜನೆ ಒಪ್ಪಿ, ಒಂದೇ ಸಾಫ್ಟ್‌ವೇರ್ ಕೊಡುವ ದಾರಿ ಮಾಡಿತು. ಖಾಸಗಿಯವರಿಗೆ ಅಂಥ ಆಸರೆ ಇಲ್ಲ, ತಾವೇ ಆರಿಸಿಕೊಳ್ಳಬೇಕು.

ಸದ್ಯಕ್ಕೆ ದಿನ ದೂಡುವುದಕ್ಕೆ ವಿಡಾಸ್, ಡಾಸ್‌ಬಾಕ್ಸ್ ಥರದ ಎಮ್ಯುಲೇಟರ್‌ಗಳಿವೆ. ಹೊಸ ವಿಂಡೋಸ್ ಒಳಗೇ ಒಂದು ಸುಳ್ಳು ಡಾಸ್ ಕಂಪ್ಯೂಟರ್ ಮಾಡಿ ಹಳೇ ಪ್ರೋಗ್ರಾಂ ಓಡಿಸುತ್ತವೆ. ಡಾಸ್‌ಬಾಕ್ಸ್ ಮೂಲತಃ ಹಳೇ ಆಟಗಳಿಗಾಗಿ ಬಂದದ್ದು, ವಿಡಾಸ್ ಕಚೇರಿ ಕೆಲಸ, ಪ್ರಿಂಟಿಂಗ್ ಗಮನದಲ್ಲಿಟ್ಟು ಮಾಡಿದ್ದು. ಒಂದೇ ಕಂಪ್ಯೂಟರಿನ ಅಂಗಡಿಗೆ ಇದು ಒಂದೆರಡು ವರ್ಷ ಉಸಿರಾಡಲು ಬಿಡುತ್ತದೆ. ಮೂರು ಕೌಂಟರಿನಿಂದ ಒಂದೇ ಫೈಲ್ ತೆರೆಯುವ ಕಡೆ ಮಾತ್ರ, ಒಬ್ಬರು ಬರೆಯುವಾಗ ಇನ್ನೊಬ್ಬರಿಗೆ ತಡೆ ಬೀಳುತ್ತದೆಯೇ ಎಂದು ಪರೀಕ್ಷೆ ಮಾಡದೆ ನಂಬಬಾರದು.

ನಿಜವಾಗಿ ಹೊಸ ಮುಖ ಬೇಕಾದರೆ ಮೊದಲ ಪ್ರಶ್ನೆ ಒಂದೇ: ಪ್ರೋಗ್ರಾಂನ ಮೂಲ ಪಿಆರ್‌ಜಿ ಫೈಲುಗಳು ನಿಮ್ಮ ಹತ್ತಿರ ಇವೆಯಾ? ಬರೆದುಕೊಟ್ಟವರು ಬರೀ ಇಎಕ್ಸ್‌ಇ ಬಿಟ್ಟು ಬೆಂಗಳೂರು ಸೇರಿದ್ದರೆ ಕಥೆ ಬೇರೆ. ಇದ್ದರೆ ಎರಡು ದಾರಿ. ಫಾಕ್ಸ್‌ಪ್ರೋದಲ್ಲಿ ಬರೆದದ್ದನ್ನು ವಿಷುವಲ್ ಫಾಕ್ಸ್‌ಪ್ರೋ 9ಕ್ಕೆ ತರುವುದು ಸಲೀಸು, ಅದು ವಿಂಡೋಸ್ 11ರಲ್ಲೂ ಓಡುತ್ತದೆ. ಆದರೆ ಮೈಕ್ರೋಸಾಫ್ಟ್ ಮುಂದಿನ ಆವೃತ್ತಿ ಇಲ್ಲವೆಂದು 2007ರಲ್ಲೇ ಹೇಳಿ, 2015ರ ಜನವರಿಯಲ್ಲಿ ಬೆಂಬಲವನ್ನೂ ನಿಲ್ಲಿಸಿದೆ. ಬಿದ್ದುಹೋಗುವ ಮನೆಯಿಂದ ಹಳೇ ಮನೆಗೆ ಬಾಡಿಗೆಗೆ ಹೋದಂತೆ. ಕ್ಲಿಪ್ಪರ್‌ನವರಿಗೆ ಹಾರ್ಬರ್ ಇದೆ. ಅದೇ ಭಾಷೆ, ಉಚಿತ, ಮೂಲ ಕೋಡ್ ಮುಕ್ತ, 64 ಬಿಟ್‌ಗೂ ಸೈ, ಕಿಟಕಿ-ಬಟನ್‌ಗಾಗಿ ಎಚ್‌ಎಂಜಿಯಂಥ ಜೋಡಣೆಗಳೂ ಇವೆ. ಇವೆರಡರಲ್ಲಿ ಹಾರ್ಬರ್ ವಾಸಿ. ತಾಲ್ಲೂಕಿನಲ್ಲಿ ಅದನ್ನು ಬಲ್ಲವರು ಸಿಗುವುದೇ ಕಷ್ಟ, ಅದೊಂದು ತಕರಾರು.

ಲಿಬ್ರೆಆಫೀಸ್ ಬೇಸ್ ಕೂಡ ಡಿಬಿಎಫ್ ಇರುವ ಫೋಲ್ಡರನ್ನು ನೇರವಾಗಿ ತೆರೆಯುತ್ತದೆ, ಕಾಸು ಖರ್ಚಿಲ್ಲ. ವರದಿ ತೆಗೆಯಲು ಒಳ್ಳೇದು, ಅದೂ ಫೈಲಿನ ನಕಲಿನ ಮೇಲೆ. ನಡೆಯುತ್ತಿರುವ ಲೆಕ್ಕದೊಳಗೆ ಅದರಿಂದ ಬರೆಯಲು ಹೋದರೆ ಫಾಕ್ಸ್‌ಪ್ರೋದ ಸಿಡಿಎಕ್ಸ್ ಇಂಡೆಕ್ಸ್ ಹಾಗೇ ಉಳಿದುಬಿಡಬಹುದು. ಆಮೇಲೆ ಹಳೇ ಪ್ರೋಗ್ರಾಂನಲ್ಲಿ ಹೆಸರು ಹುಡುಕಿದರೆ ಇರುವ ರೈತನೇ ಇಲ್ಲ ಅನ್ನುತ್ತದೆ.

ಮೊಬೈಲಿನಲ್ಲೂ ಬಾಕಿ ನೋಡಬೇಕು, ಎರಡು ಊರಲ್ಲಿ ಅಂಗಡಿ ಇದೆ ಅನ್ನುವವರು ಡಿಬಿಎಫ್ ಬಿಟ್ಟು ಪೋಸ್ಟ್‌ಗ್ರೆಸ್‌ಕ್ಯೂಎಲ್ ಅಥವಾ ಮಾರಿಯಾಡಿಬಿಗೆ ಹೋಗಿ, ಬ್ರೌಸರಿನಲ್ಲಿ ತೆರೆಯುವಂತೆ ಹೊಸದಾಗಿ ಬರೆಸುವುದೇ ಸರಿ. ಖರ್ಚು ಜಾಸ್ತಿ. ಆದರೆ ಇದನ್ನು ರಿಪೇರಿ ಮಾಡುವ ಹುಡುಗರು ಜಿಲ್ಲಾ ಕೇಂದ್ರದಲ್ಲೇ ಸಿಗುತ್ತಾರೆ, ಆ ಒಂದು ಕಾರಣಕ್ಕೆ ಇದರ ತೂಕ ಹೆಚ್ಚು.

ಸಾಗಿಸುವಾಗ ಕೈಕೊಡುವ ಜಾಗಗಳು ಬೇರೆಯೇ ಇವೆ. ಡಿಬಿಎಫ್‌ನಲ್ಲಿ ಡಿಲೀಟ್ ಮಾಡಿದ ಬಿಲ್ ನಿಜವಾಗಿ ಹೋಗಿರುವುದಿಲ್ಲ. ಅದರ ಮೇಲೊಂದು ಗುರುತು ಬಿದ್ದಿರುತ್ತದೆ, ಪ್ಯಾಕ್ ಆಜ್ಞೆ ಕೊಟ್ಟಾಗ ಮಾತ್ರ ಅಳಿಯುತ್ತದೆ. ಸಾಗಿಸುವವರು ಆ ಗುರುತು ನೋಡದಿದ್ದರೆ ಹತ್ತು ವರ್ಷದ ಹಿಂದೆ ರದ್ದಾದ ಬಿಲ್ಲುಗಳು ಎದ್ದು ಬಂದು ಬಾಕಿಗೆ ಸೇರಿಕೊಳ್ಳುತ್ತವೆ. ಎರಡೇ ಅಂಕಿಯಲ್ಲಿ ಬರೆದ ಇಸವಿ 1926 ಆಗುವುದೂ ಉಂಟು. ಜಿಸ್ಟ್ ಕಾರ್ಡ್‌ನಲ್ಲೋ ಹಳೇ ನುಡಿಯಲ್ಲೋ ಟೈಪಿಸಿದ ಕನ್ನಡ ಹೆಸರುಗಳನ್ನು ಯುನಿಕೋಡ್‌ಗೆ ಪರಿವರ್ತಿಸದಿದ್ದರೆ ಪರದೆ ತುಂಬ ಚಿತ್ತುಕಾಟು ಅಕ್ಷರ ಬರುತ್ತದೆ.

ಮುಂಗಡ ಕೊಡುವ ಮುನ್ನ ಒಂದು ಪರೀಕ್ಷೆ ಮಾಡಿಸಬಹುದು. ಇಡೀ ಫೋಲ್ಡರಿನ ನಕಲನ್ನು ಪೆನ್‌ಡ್ರೈವ್‌ಗೆ ಹಾಕಿ ಕೊಟ್ಟು, ಬಾಕಿ ಪಟ್ಟಿಯನ್ನು ಹೊಸದರಲ್ಲಿ ತೆಗೆದು ತೋರಿಸಿ ಅನ್ನಿ. ಹಳೇ ಪ್ರೋಗ್ರಾಂನ ಪಟ್ಟಿಯೊಂದಿಗೆ ಪೈಸೆಗೆ ಪೈಸೆ ತಾಳೆ ಆಗಬೇಕು. ಆಮೇಲೆ ಗುಮಾಸ್ತನನ್ನೇ ಕೂರಿಸಿ, ಮೌಸ್ ತೆಗೆದಿಟ್ಟು ಹತ್ತು ಬಿಲ್ ಹಾಕಿಸಿ. ಎಂಟರ್ ಒತ್ತುತ್ತಾ ಕೊನೆ ಮುಟ್ಟಲು ಆಗದಿದ್ದರೆ ಸಂತೆ ದಿನ ಅಂಗಡಿ ಮುಂದೆ ಜನ ನಿಲ್ಲುತ್ತಾರೆ. ಎರಡೂ ಪಾಸಾದರೆ ಒಂದು ತಿಂಗಳು ಹಳೇದು, ಹೊಸದು ಜೊತೆಜೊತೆಗೆ ನಡೆಸಬೇಕು. ಹೊಸದರಿಂದ ಎಲ್ಲ ಲೆಕ್ಕವನ್ನೂ ಎಕ್ಸೆಲ್‌ಗೆ ತೆಗೆದುಕೊಳ್ಳುವ ಬಟನ್ ಇರಬೇಕು, ಮೂಲ ಕೋಡ್ ಅಂಗಡಿಯವರ ಕೈಗೆ ಬರಬೇಕು ಎಂಬುದನ್ನು ಚೀಟಿಯಲ್ಲಿ ಬರೆಸಿ ಸಹಿ ಹಾಕಿಸಿಕೊಂಡ ಮೇಲೆಯೇ ಬಾಕಿ ಹಣ ಕೊಡುವುದು.