ಪೆಟ್ಟಿಗೆ ಸಾಕು, ನಮ್ಮ ನೆಲದ ರಾಣಿ ಕೊಡಿ

ಸಿಂಗಟಗೆರೆ ಸುತ್ತಿನ ತೆಂಗಿನ ತೋಟಗಳಲ್ಲಿ ಖಾಲಿ ಜೇನುಪೆಟ್ಟಿಗೆ ನೋಡಬೇಕೆಂದರೆ ದೂರ ಹೋಗಬೇಕಿಲ್ಲ. ಪಂಪ್‌ಸೆಟ್ ಮನೆಯ ಮೂಲೆಯಲ್ಲಿ ಒಂದು ಸಿಗುತ್ತದೆ. ಒಳಗೆ ಹಳೆ ಫ್ಯೂಸು, ನಟ್ಟು, ಬೋಲ್ಟು. ಇನ್ನೊಂದರಲ್ಲಿ ಕೋಳಿ ಕಾವಿಗೆ ಕೂತಿರುತ್ತದೆ. ಪೆಟ್ಟಿಗೆ ಸಹಾಯಧನದಲ್ಲಿ ಬಂದದ್ದು. ಜೊತೆಗೆ ಬಂದ ಜೇನು ಒಂದು ಮಳೆಗಾಲವನ್ನೂ ದಾಟಲಿಲ್ಲ. ಕೇಳಿದರೆ ಎಲ್ಲರದೂ ಒಂದೇ ಮಾತು: 'ನಮ್ ಕಡೆಗೆ ಜೇನು ಆಗಿಬರಲ್ಲ ಕಣ್ರೀ, ಅದೇನಿದ್ರೂ ಮಲೆನಾಡಿಗೆ.'

ಈ ಮಾತನ್ನು ನಾನು ಒಪ್ಪುವುದಿಲ್ಲ. ಇದೇ ಬಯಲಿನಲ್ಲಿ ಹುತ್ತದೊಳಗೆ, ಹುಣಸೆಮರದ ಪೊಟರೆಯಲ್ಲಿ, ಹಳೆ ಮನೆಯ ಗೋಡೆ ಸಂದಿಯಲ್ಲಿ ತುಡುವೆ ಜೇನು ಯಾರ ಸಹಾಯಧನವೂ ಇಲ್ಲದೆ ಬದುಕಿಕೊಂಡು ಬಂದಿದೆ. ನನ್ನ ತೋಟದಲ್ಲಿರುವುದೂ ಅದರದೇ ಸಂತಾನ. ಇಲ್ಲಿ ಆಗಿಬರದೇ ಇರುವುದು ಹೊರಗಿನಿಂದ ಲಾರಿಯಲ್ಲಿ ಬರುವ ರಾಣಿ.

ಪೆಟ್ಟಿಗೆ ಯಾವುದು ಒಳ್ಳೆಯದು ಅಂತ ನಾವು ಬೇಕಾದ್ದಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳುತ್ತೇವೆ. ಆ ಲೆಕ್ಕ ಬಗೆಹರಿದು ಕಾಲವಾಯಿತು. ಎರಿಗಳ ನಡುವೆ ನೊಣ ಓಡಾಡಲು ಎಷ್ಟು ಜಾಗ ಬಿಡಬೇಕೆಂಬ ಗುಟ್ಟನ್ನು ಹಿಡಿದು 1851ರಲ್ಲಿ ಅಮೆರಿಕದ ಲ್ಯಾಂಗ್‌ಸ್ಟ್ರಾತ್ ಚೌಕಟ್ಟಿನ ಪೆಟ್ಟಿಗೆ ಮಾಡಿದ. 1910ರ ದಶಕದಲ್ಲಿ ತಿರುಚಿನಾಪಳ್ಳಿಯ ಪಾದ್ರಿ ನ್ಯೂಟನ್ ನಮ್ಮ ತುಡುವೆಯ ಸಣ್ಣ ಸಂಸಾರಕ್ಕೆ ತಕ್ಕಂತೆ ಅಳತೆ ಇಳಿಸಿದರು. ತುಡುವೆಗೆ ಆ ನ್ಯೂಟನ್ ಪೆಟ್ಟಿಗೆಯೇ ಸಾಕು. ದೊಡ್ಡ ಪೆಟ್ಟಿಗೆಯಲ್ಲಿ ಹೆಚ್ಚು ತುಪ್ಪ ಬರುತ್ತದೆಂದು ಹತ್ತು ಚೌಕಟ್ಟಿನದಕ್ಕೆ ತುಡುವೆ ತುಂಬಿದರೆ, ನೊಣ ಆವರಿಸದ ಎರಿಗಳಲ್ಲಿ ಮೇಣದ ಹುಳು ಸಂಸಾರ ಹೂಡುತ್ತದೆ. ಇನ್ನು ಉಳಿಯುವುದು ಚಿಲ್ಲರೆ ಜಾಗ್ರತೆ. ಒಣಗಿದ ಮರದ ಪೆಟ್ಟಿಗೆಯಾಗಬೇಕು, ಪ್ಲೈವುಡ್ಡು ಬೇಡ. ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲಿಟ್ಟು ಇರುವೆ ತಡೆಯಬೇಕು. ತೆಂಗಿನ ಬುಡದಲ್ಲಂತೂ ಇಡಲೇಬಾರದು. ಮೇಲಿಂದ ಒಂದು ಕಾಯಿ ಬಿದ್ದರೆ ಪೆಟ್ಟಿಗೆಯೂ ಇಲ್ಲ, ಜೇನೂ ಇಲ್ಲ.

ಹಾಗಾದರೆ ಮೆಲ್ಲಿಫೆರಾ ಸಾಕಿ ಅನ್ನುವವರಿದ್ದಾರೆ. 1962ರಲ್ಲಿ ಹಿಮಾಚಲದ ನಗ್ರೋಟಾದಲ್ಲಿ ನೆಲೆಯೂರಿದ ಆ ಯುರೋಪಿನ ಜೇನು, 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ದಕ್ಷಿಣದ ತುಡುವೆಯನ್ನು ಗುಡಿಸಿಹಾಕಿದ ಮೇಲೆ ಕರ್ನಾಟಕಕ್ಕೂ ಬಂತು. ತುಪ್ಪ ಹೆಚ್ಚು ಕೊಡುತ್ತದೆ, ನಿಜ. ಆದರೆ ಅದಕ್ಕೆ ವರ್ಷವಿಡೀ ಹೂವಿನ ಹಿಂದೆ ಓಡಬೇಕು: ಸೂರ್ಯಕಾಂತಿಗೆ ಒಂದು ಕಡೆ, ಕಾಫಿ ಹೂವಿಗೆ ಮೂಡಿಗೆರೆ ಕಡೆ. ಲಾರಿ ಬಾಡಿಗೆ ಕೊಡಬಲ್ಲವರು ಸಾಕಲಿ. ಎರಡೆಕರೆ ತೆಂಗು, ಅದರ ಮಗ್ಗುಲಲ್ಲಿ ರಾಗಿ ಹೊಲ ಇರುವವನಿಗೆ ಕೂತಲ್ಲೇ ಕೂತು ದುಡಿಯುವ ತುಡುವೆಯೇ ಸರಿ.

ಇನ್ನು ರಾಣಿಯ ವಿಚಾರ. ಜೇನು ಸಾಕುವವರು ಬಣ್ಣದಿಂದಲೇ ಗುರುತಿಸುತ್ತಾರೆ, ಗುಡ್ಡದ ತುಡುವೆ ಕಪ್ಪು, ಬಯಲಿನದು ಹಳದಿ. ಬಣ್ಣದ ಹಿಂದೆ ಸ್ವಭಾವವೂ ಇದೆ. ಮಲೆನಾಡಿನ ರಾಣಿ ಮೊಟ್ಟೆ ಇಡುವುದು ಅಲ್ಲಿನ ಹೂವಿನ ಲೆಕ್ಕದಲ್ಲಿ. ನಮ್ಮಲ್ಲಿ ಬೇವು, ಹೊಂಗೆ, ಹುಣಸೆಯ ಹೂ ಮುಗಿದರೆ ತೆಂಗೊಂದೇ ಗತಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರಿ ಗಾಳಿ, ಸೋನೆ. ಬಯಲಿನ ರಾಣಿ ಆಗ ಮೊಟ್ಟೆ ಕಡಿಮೆ ಮಾಡಿ, ಇದ್ದುದರಲ್ಲೇ ಸಂಸಾರ ತೂಗಿಸುತ್ತದೆ. ಹೊರಗಿನಿಂದ ಬಂದದ್ದು ಮರಿ ತುಂಬಿಸಿಕೊಂಡು, ಕೂಡಿಟ್ಟದ್ದನ್ನು ಖಾಲಿ ಮಾಡಿ, ಒಂದು ಬೆಳಿಗ್ಗೆ ಪೆಟ್ಟಿಗೆ ಬಿಟ್ಟು ಹೊರಟೇಬಿಡುತ್ತದೆ. ಬಾಗಿಲಿಗೆ ರಾಣಿ ತಡೆ ಹಾಕಿ ಎಷ್ಟು ದಿನ ಕೂಡಿಹಾಕುತ್ತೀರಿ? ನಾನು ಕಂಡದ್ದರ ಮೇಲೆ ಹೇಳುತ್ತಿದ್ದೇನೆ, ಪ್ರಯೋಗಾಲಯದ ವರದಿಯಲ್ಲ.

ರಾಣಿ ಬೆಳೆಸುವುದು ಬ್ರಹ್ಮವಿದ್ಯೆಯೂ ಅಲ್ಲ. ಬೇಕಾದ್ದು ತಾಳ್ಮೆ, ಹತ್ತಿರದಿಂದ ನೋಡುವ ಕಣ್ಣು. ಹುಚ್ಚೆಳ್ಳು, ಅವರೆ ಹೂವಾಗುವ ಕಾರ್ತಿಕದ ಸುಮಾರಿಗೆ ಎರಿಯ ಅಂಚಿನಲ್ಲಿ ಗಂಡುನೊಣದ ಕಣಗಳು ಕಾಣತೊಡಗುತ್ತವೆ. ತುಡುವೆಯಲ್ಲಿ ಆ ಮುಚ್ಚಳದ ನಡುಮಧ್ಯ ಸೂಜಿಯಲ್ಲಿ ಚುಚ್ಚಿದಷ್ಟು ತೂತು ಇರುತ್ತದೆ, ತಪ್ಪುವ ಹಾಗೇ ಇಲ್ಲ. ಅದು ಕಂಡರೆ ಪಾಲು ಮಾಡಲು ಅಣಿಯಾಗಬಹುದು. ಗಂಡು ಹಾರಾಡದ ಕಾಲದಲ್ಲಿ ಹುಟ್ಟಿದ ರಾಣಿ ಗರ್ಭ ಕಟ್ಟದೆ ವ್ಯರ್ಥ. ಆಮೇಲೆ ಎರಿಯ ತಳದಲ್ಲಿ ರಾಣಿ ಕಣ ಇಳಿಬೀಳುತ್ತದೆ. ಹುಟ್ಟುವ ದಿನ ಹತ್ತಿರ ಬಂದಂತೆ ಕೆಲಸಗಾರ ನೊಣಗಳು ಕಣದ ತುದಿಯ ಮೇಣ ಕೆರೆದು ತೆಗೆಯುತ್ತವೆ, ಒಳಗಿನ ಕಂದು ಬಣ್ಣದ ಗೂಡು ಕಾಣುತ್ತದೆ. ಅಷ್ಟರೊಳಗೆ ಹಳೆ ರಾಣಿಯನ್ನು ಮರಿ ಇರುವ ಎರಡು ಮೂರು ಎರಿ, ನೊಣಗಳ ಸಮೇತ ಬೇರೆ ಪೆಟ್ಟಿಗೆಗೆ ಸಾಗಿಸಿರಬೇಕು. ಕಣದಲ್ಲಿರುವ ಹೊಸ ರಾಣಿಗೆ ಹಳೆ ಮನೆ.

ಯಾವ ಸಂಸಾರದಿಂದ ಕಣ ತೆಗೆದುಕೊಳ್ಳಬೇಕು ಎಂಬುದೇ ಮುಖ್ಯ. ಮರಿ ಎಡೆಬಿಡದೆ ಒತ್ತಾಗಿ ತುಂಬಿರಬೇಕು, ಕಳೆದ ಮಳೆಗಾಲವನ್ನು ಸಕ್ಕರೆ ಪಾಕವಿಲ್ಲದೆ ದಾಟಿರಬೇಕು, ಮುಚ್ಚಳ ತೆಗೆದರೆ ಮುಖಕ್ಕೆ ನುಗ್ಗಬಾರದು. ಪಕ್ಕದ ಗೂಡುಗಳಲ್ಲಿ ಸ್ಯಾಕ್‌ಬ್ರೂಡ್ ಬಂದು ಹುಳು ನೀರಿನ ಚೀಲವಾಗಿ ಸಾಯುತ್ತಿದ್ದಾಗಲೂ ತಡೆದುಕೊಂಡ ಸಂಸಾರವಾದರೆ ಅದು ಬಂಗಾರ. ತೊಂಬತ್ತರ ದಶಕದ ಆ ಹೊಡೆತದಿಂದ ತುಡುವೆ ಮತ್ತೆ ಎದ್ದು ನಿಂತದ್ದು ಹಾಗೆ ಉಳಿದ ಕೆಲವೇ ಗೂಡುಗಳಿಂದ, ಯಾವ ಔಷಧದಿಂದಲೂ ಅಲ್ಲ.

ರಾಣಿ ಕಳೆದುಕೊಂಡು ಸೊರಗಿದ ಸಂಸಾರವಿದ್ದರೆ ರಾಣಿಯಿರುವ ಪೆಟ್ಟಿಗೆಯ ಮೇಲೆ ಅದನ್ನಿಟ್ಟು, ನಡುವೆ ನಾಲ್ಕು ತೂತು ಮಾಡಿದ ದಿನಪತ್ರಿಕೆಯ ಹಾಳೆ ಹಾಸಿದರೆ ಸಾಕು. ಅವು ಹಾಳೆ ಕತ್ತರಿಸಿ ಮುಗಿಸುವಷ್ಟರಲ್ಲಿ ಎರಡರ ವಾಸನೆಯೂ ಒಂದಾಗಿ, ಜಗಳವಿಲ್ಲದೆ ಕೂಡಿಕೊಳ್ಳುತ್ತವೆ. (ಸಂಪಾದಕರು ಬೇಸರ ಮಾಡಿಕೊಳ್ಳಬಾರದು, ಈ ಪುಟವೂ ಅದಕ್ಕೆ ಆಗುತ್ತದೆ.)

ನಮ್ಮ ಸೀಮೆಯವರಿಗೆ ತಳಿಯ ಬೆಲೆ ಹೇಳಿಕೊಡಬೇಕಿಲ್ಲ. ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಕೇಂದ್ರವೇ ಇದೆ; ಹೋರಿ ಕೊಳ್ಳುವವರು ಸುಳಿ, ಕೊಂಬು, ತಾಯಿ ಎಲ್ಲ ವಿಚಾರಿಸುತ್ತಾರೆ. ತೆಂಗಿನ ಸಸಿಗೆ ಕಾಯಿ ಆರಿಸುವಾಗ ತಾಯಿಮರ ನೋಡದವರಿಲ್ಲ. ಜೇನು ತರುವಾಗ ಮಾತ್ರ ಕೇಳುವುದು ಒಂದೇ: 'ಸಬ್ಸಿಡಿ ಎಷ್ಟು?'

ಕೊಡುವವರ ಕಾಲಜ್ಞಾನವೂ ಅಷ್ಟೇ. ಮೇ 20 ವಿಶ್ವ ಜೇನು ದಿನ. ಸ್ಲೊವೇನಿಯಾ ಕೇಳಿಕೊಂಡಿತೆಂದು, ಅಲ್ಲಿನ ಜೇನು ಪಂಡಿತ ಆಂಟನ್ ಯಾನ್ಶಾನ ನೆನಪಿಗೆ ವಿಶ್ವಸಂಸ್ಥೆ 2017ರಲ್ಲಿ ಆ ದಿನ ಗೊತ್ತು ಮಾಡಿತು. ಮೇ ತಿಂಗಳಲ್ಲಿ ಯುರೋಪಿನ ಗೂಡುಗಳು ಉಕ್ಕುತ್ತಿರುತ್ತವೆ, ನಮ್ಮವು ಬರಗಾಲದ ಹೊಸ್ತಿಲಲ್ಲಿರುತ್ತವೆ. ಆ ಹೊತ್ತಿಗೆ ಜೇನು ಹಂಚಿದರೆ ಫೋಟೊ ಚೆನ್ನಾಗಿ ಬರಬಹುದು, ಸಂಸಾರ ಉಳಿಯುವುದಿಲ್ಲ. ಸ್ಲೊವೇನಿಯಾದಿಂದ ಕಲಿಯುವುದಿದ್ದರೆ ಬೇರೆ ಇದೆ: ಅಲ್ಲಿ ತಮ್ಮ ನೆಲದ ಕಾರ್ನಿಯೋಲನ್ ಜೇನನ್ನು ಬಿಟ್ಟು ಬೇರೆ ತಳಿಯ ಜೇನು ಸಾಕಲು ಕಾನೂನು ಬಿಡುವುದಿಲ್ಲ.

ಅಷ್ಟು ಬಿಗಿ ನಾನು ಕೇಳುತ್ತಿಲ್ಲ. ಹೋಬಳಿಗೆ ನಾಲ್ಕೈದು ಜನ ಅನುಭವಸ್ಥ ಸಾಕಣೆದಾರರನ್ನು ಗುರುತಿಸಿ, ಕಾರ್ತಿಕದಿಂದ ಮಾಘದವರೆಗೆ ಅವರಿಂದಲೇ ಪಾಲು ಮಾಡಿಸಿ, ಗರ್ಭ ಕಟ್ಟಿ ಮೊಟ್ಟೆ ಇಡತೊಡಗಿದ ರಾಣಿಯಿರುವ ಸಂಸಾರ ಕೊಡಿಸಿ. ಪೆಟ್ಟಿಗೆಯನ್ನು ಊರಿನ ಬಡಗಿ ಮಾಡಿಕೊಡುತ್ತಾನೆ. ಸಹಾಯಧನದಲ್ಲಿ ಅರ್ಧ ಈಗ ಕೊಟ್ಟು, ಉಳಿದರ್ಧವನ್ನು ಮುಂದಿನ ವರ್ಷದ ಹುಚ್ಚೆಳ್ಳು ಹೂವಿನ ಹೊತ್ತಿಗೆ ಮುಚ್ಚಳ ತೆಗೆಸಿ, ಮರಿ ಇರುವ ಎರಿ ನೋಡಿ ಕೊಡಲಿ. ಹುಚ್ಚೆಳ್ಳು ಅಂದೆ, ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಬಿಡುವುದನ್ನೇ ಮರೆಯುತ್ತಿರುವ ನಮಗೂ ಇದರಲ್ಲಿ ಕೆಲಸವಿದೆ. ಅದು ಜೇನಿಲ್ಲದೆ ಕಾಳು ಕಟ್ಟದ ಬೆಳೆ, ಜೇನಿಗೂ ಮಳೆಗಾಲ ಕಳೆದ ಮೇಲಿನ ಮೊದಲ ತುಂಬು ಊಟ.

ಹೀಗೆ ಮಾಡಿದರೆ ವರ್ಷಕ್ಕೆ ಹಂಚುವ ಸಂಖ್ಯೆ ಇಳಿಯುತ್ತದೆ, ಗುರಿ ಮುಟ್ಟುವುದಿಲ್ಲ ಎಂದು ಕಡತ ಹಿಡಿದವರು ಹೇಳುತ್ತಾರೆ. ಇಳಿಯಲಿ ಬಿಡಿ.