ಬತ್ತಿ ಎರೆಯುವ ಕೂಟ

ಮನೆಯಲ್ಲಿ ನಾಲ್ವರು ಕಲೆತು ಮೇಣದ ಬತ್ತಿ ಎರೆಯುವುದು ಬಿಡುವಿನ ವಿನೋದವೆಂದು ನಮ್ಮ ಎಣಿಕೆ. ಉಕ್ರೇನಿನಲ್ಲಿ ಅದು ಯುದ್ಧಕಾಲದ ಕಾಯಕವಾಯಿತು. ದಂಡೆತ್ತಿ ಬಂದ ರಷ್ಯ 2022ರ ಅಕ್ಟೋಬರಿನಿಂದ ಅಲ್ಲಿನ ವಿದ್ಯುದಾಗಾರಗಳ ಮೇಲೆ ಕ್ಷಿಪಣಿಗಳನ್ನು ಸುರಿಸತೊಡಗಿತು. ನಗರಗಳಿಗೆ ಕತ್ತಲೆ ಕವಿಯಿತು. ಒಂಟಿತನಕ್ಕೆ ತಳ್ಳಬೇಕಾಗಿದ್ದ ಆ ಕತ್ತಲೆಯೇ ನೆರೆಹೊರೆಯವರನ್ನು ಮನೆಗಳಲ್ಲಿ, ಶಾಲೆಗಳಲ್ಲಿ ಒಲೆಯ ಸುತ್ತ ಕೂಡಿಸಿತು. ಬರಿದಾದ ತಗಡಿನ ಡಬ್ಬಿ, ಅದರೊಳಗೆ ಸುರುಳಿ ಸುತ್ತಿದ ರಟ್ಟು, ಮೇಲೆ ಕರಗಿಸಿ ಎರೆದ ಹಳೆಯ ಬತ್ತಿಗಳ ಮೇಣ—ಇಷ್ಟೇ ಸಾಮಗ್ರಿ. ಕಂದಕದ ಯೋಧನಿಗೆ ಅದೇ ದೀಪ, ಅದೇ ಅಗ್ಗಿಷ್ಟಿಕೆ, ಊಟ ಬಿಸಿಮಾಡುವ ಒಲೆಯೂ ಅದೇ.

ಇದನ್ನು ಬರಿದೆ ಕೊಂಡಾಡುವುದು ಸಲ್ಲದೆಂದು ನನಗೆ ತೋರುತ್ತದೆ. ಅಡುಗೆಮನೆಯೂ ರಣರಂಗದ ಉಗ್ರಾಣವಾಗುವುದು ನಾಗರಿಕತೆಯ ಸೋಲು. ಬತ್ತಿ ಎರೆಯುವುದು ಆ ಮನೆಗಳಲ್ಲಿ ಮತ್ತೆ ವಿನೋದವಾದಂದೇ ಶಾಂತಿ ಬಂದಿತೆನ್ನಬೇಕು.